ಮೂಗಿನ ಮಾಸ್ಕ್ ಮತ್ತು ಬಾಯಿಯ ಸೋರಿಕೆ: ಸ್ಲೀಪ್ ಆಪ್ನಿಯಾ ಚಿಕಿತ್ಸೆಯಲ್ಲಿ ತಿಳಿದಿರಬೇಕಾದ ಸಂಗತಿಗಳು

ನಿದ್ರೆಯಲ್ಲಿ ಗಂಟಲಿನ ಶ್ವಾಸಮಾರ್ಗವು ಮತ್ತೆ ಮತ್ತೆ ಮುಚ್ಚಿಕೊಂಡು, 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವ ತೊಂದರೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಪೂರ್ಣ ತಡೆ ಹಾಗೂ ಅರೆತಡೆಗಳೆರಡೂ ಸೇರಿ ಗಂಟೆಗೆ 5ರಿಂದ 15ರವರೆಗೆ ಇದ್ದರೆ ಸೌಮ್ಯ, 15ರಿಂದ 30ರವರೆಗೆ ಇದ್ದರೆ ಮಧ್ಯಮ, 30ನ್ನು ಮೀರಿದರೆ ತೀವ್ರ ಎಂದು ವೈದ್ಯರು ವರ್ಗೀಕರಿಸುತ್ತಾರೆ. ಜೋರಾದ ಗೊರಕೆ, ಹಗಲಿನ ತೂಕಡಿಕೆ, ಬೆಳಗಿನ ತಲೆನೋವು ಇದರ ಹೊರಗುರುತುಗಳು. ಅಧಿಕ ರಕ್ತದೊತ್ತಡ, ಹೃದ್ರೋಗ ಮತ್ತು ಪಾರ್ಶ್ವವಾಯುಗಳೊಡನೆ ಇದಕ್ಕೆ ನಿಕಟವಾದ ನಂಟಿದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿಯವರು ಮುಂಬಯಿಯಲ್ಲಿ ನಿಧನರಾದಾಗ ವೈದ್ಯರು ಈ ಕಾಯಿಲೆಯನ್ನು ಹೆಸರಿಸಿದ್ದರು. ಅದುವರೆಗೆ ಗೊರಕೆಯನ್ನು ನಗೆಯ ವಿಷಯವೆಂದೇ ತಿಳಿದಿದ್ದ ಹಲವರು ಅಂದು ಈ ಹೆಸರನ್ನು ಪತ್ರಿಕೆಗಳಲ್ಲಿ ಓದಿದರು.

ಈ ತೊಂದರೆಗೆ ಇಂದಿಗೂ ಪ್ರಧಾನವಾದ ಚಿಕಿತ್ಸೆಯೆಂದರೆ ಸಿಪ್ಯಾಪ್ ಯಂತ್ರ. ಸಾವಿರಾರು ರೂಪಾಯಿ ತೆತ್ತು ತಂದ ಯಂತ್ರವು ಕೆಲವೇ ವಾರಗಳಲ್ಲಿ ಅಟ್ಟ ಸೇರುವ ಪ್ರಸಂಗಗಳು ಕಡಿಮೆಯೇನಲ್ಲ. "ಬಾಯಿ ಒಣಗಿ ಕಟ್ಟಿಗೆಯಾಗುತ್ತದೆ, ಗಾಳಿಯೆಲ್ಲ ಬಾಯಿಯಿಂದ ಹೊರಟುಹೋಗುತ್ತದೆ, ಇದು ನನಗೆ ಒಗ್ಗುವುದಿಲ್ಲ" ಎಂಬುದು ಮೂಗಿನ ಮಾಸ್ಕ್ ಧರಿಸುವವರ ಸಾಮಾನ್ಯ ದೂರು. ಇದು ರೋಗಿಯ ತಪ್ಪೂ ಅಲ್ಲ, ಯಂತ್ರದ ದೋಷವೂ ಅಲ್ಲ. ಕಾರಣವಿರುವ, ಬಹುಮಟ್ಟಿಗೆ ಪರಿಹಾರವೂ ಇರುವ ತೊಂದರೆ. ಆದರೆ ಪರಿಹಾರವನ್ನು ಹುಡುಕುವ ಕ್ರಮದಲ್ಲಿ ಎಡವುವವರು ಹೆಚ್ಚು. ಬಾಯಿಯನ್ನು ಕಟ್ಟಲು ಹೊರಡುವ ಮುನ್ನ ಮೂಗನ್ನು ನೋಡಬೇಕು ಎಂಬುದೇ ನಾವು ಇಲ್ಲಿ ಹೇಳಲಿಚ್ಛಿಸುವ ಮುಖ್ಯ ಮಾತು.

ಯಂತ್ರವು ಮಾಡುವ ಕೆಲಸ

ಆಸ್ಟ್ರೇಲಿಯದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಅವರ ಸಹೋದ್ಯೋಗಿಗಳು ಈ ಚಿಕಿತ್ಸೆಯನ್ನು ರೂಪಿಸಿ, 1981ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಚಿಕಿತ್ಸೆ ನೀಡಿದ 5 ಮಂದಿ ರೋಗಿಗಳಿಗೂ ಗಾಳಿಯನ್ನು ಮೂಗಿನ ಮೂಲಕವೇ ಕೊಡಲಾಗಿತ್ತು. ಈಗಿನ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡವನ್ನು ನೀಡುತ್ತವೆ. 10 ಸೆಂಟಿಮೀಟರ್ ಎಂದರೆ ವಾತಾವರಣದ ಒತ್ತಡದ ನೂರನೆಯ ಒಂದು ಪಾಲು ಮಾತ್ರ. ಇಷ್ಟು ಮೆದುವಾದ ಗಾಳಿಯ ಒತ್ತಡವೇ ಗಂಟಲಿನ ಸಡಿಲ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಒಳಗಿನಿಂದ ಆಧಾರ ಕೊಡುತ್ತದೆ. ಒತ್ತಡವು ಗಂಟಲಲ್ಲಿ ನಿಲ್ಲಬೇಕಾದರೆ ಗಾಳಿಯು ಬಾಯಿಯಿಂದ ಹೊರಬೀಳಬಾರದು.

ಬಾಯಿಯ ಹಿಂಬಾಗಿಲು

ತುಟಿ ಮುಚ್ಚಿದ್ದರೆ ಮಾತ್ರ ಗಾಳಿ ಸೋರದು ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಬಾಯಿಗೆ ಹಿಂಭಾಗದಲ್ಲಿ ಇನ್ನೊಂದು ಬಾಗಿಲಿದೆ. ಕಿರುನಾಲಗೆ ಜೋತುಬಿದ್ದಿರುವ ಮೃದುವಾದ ಅಂಗುಳವು ನಾಲಗೆಯ ಹಿಂಭಾಗದ ಮೇಲೆ ಕುಳಿತಾಗ ಗಂಟಲಿಗೂ ಬಾಯಿಗೂ ನಡುವಿನ ದಾರಿ ಮುಚ್ಚುತ್ತದೆ.

ಇದನ್ನು ಅರಿಯಲು ನಮ್ಮ ವರ್ಣಮಾಲೆಯೇ ಸಾಕು. ಶಾಲೆಯಲ್ಲಿ ಕಲಿತು, ಬರವಣಿಗೆಯಲ್ಲಿ ಬಹುತೇಕ ಬಿಟ್ಟೇಬಿಟ್ಟಿರುವ 'ಙ' ಅಕ್ಷರವನ್ನು ನೆನೆಯಿರಿ. 'ಬೆಂಗಳೂರು' ಎನ್ನುವಾಗ 'ಬೆಂ' ಎಂಬಲ್ಲಿ ತಡೆದು ನಿಂತು ಆ ನಾದವನ್ನು ಎಳೆದರೆ, ಬಾಯಿ ತೆರೆದೇ ಇದ್ದರೂ ಉಸಿರು ಮೂಗಿನಿಂದಲೇ ಹೋಗುತ್ತಿರುತ್ತದೆ. ಆಗ ಮೂಗನ್ನು ಹಿಡಿದರೆ ನಾದ ತಟ್ಟನೆ ನಿಲ್ಲುತ್ತದೆ. ಹಿಂಬಾಗಿಲು ಮುಚ್ಚಿದೆ ಎಂಬುದಕ್ಕೆ ಇದೇ ಪುರಾವೆ. ಬಾಯಿ ತೆರೆದು ಮಲಗಿಯೂ ಸೋರಿಕೆಯಿಲ್ಲದೆ ನಿದ್ರಿಸುವವರಿರುವುದು ಇದರಿಂದಲೇ. ಮೂಗಿನಿಂದ ಬರುವ ಗಾಳಿಯ ಒತ್ತಡವೂ ಅಂಗುಳವನ್ನು ನಾಲಗೆಯತ್ತ ನೂಕಿ ಈ ಮುಚ್ಚುಗೆಗೆ ನೆರವಾಗುತ್ತದೆ. ಗಾಢನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಂಡು ದವಡೆ ಜಾರಿ ನಾಲಗೆ ಅಂಗುಳದಿಂದ ಬೇರ್ಪಟ್ಟಾಗ, ಅಥವಾ ಮೂಗು ಕಟ್ಟಿ ದೇಹವು ತಾನಾಗಿ ಬಾಯಿಯ ದಾರಿಯನ್ನು ಹಿಡಿದಾಗ ಸೋರಿಕೆ ಆರಂಭವಾಗುತ್ತದೆ.

ಸೋರಿಕೆಯನ್ನು ಗುರುತಿಸುವುದು

ಬೆಳಿಗ್ಗೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುವಷ್ಟು ಒಣಗಿರುವುದು, ರಾತ್ರಿ ನೀರಿಗಾಗಿ ಏಳುವುದು, ತುಟಿಗಳ ನಡುವೆ ಗಾಳಿ ಪಟಪಟನೆ ಹೊರಬೀಳುವ ಸದ್ದು, ಕೆನ್ನೆ ಉಬ್ಬುವುದು, ಯಂತ್ರ ಬಳಸಿದರೂ ಹಗಲು ತೂಕಡಿಕೆ ಉಳಿಯುವುದು ಬಾಯಿಯ ಸೋರಿಕೆಯ ಲಕ್ಷಣಗಳು. ಪಕ್ಕದಲ್ಲಿ ಮಲಗುವವರ ಸಾಕ್ಷ್ಯ ಇಲ್ಲಿ ಬಹಳ ಬೆಲೆಯುಳ್ಳದ್ದು.

ಕಣ್ಣಿಗೆ ಗಾಳಿ ಬಡಿಯುವುದು, ಮೂಗಿನ ಬದಿಯಲ್ಲಿ ಸುಯ್ಯೆಂಬ ಸದ್ದು ಬರುವುದು ಬಾಯಿಯ ಸೋರಿಕೆಯಲ್ಲ. ಅದು ಮಾಸ್ಕಿನ ಅಂಚಿನ ಸೋರಿಕೆ. ಮಲಗುವಾಗ ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚುವ ಅಭ್ಯಾಸವುಳ್ಳವರಲ್ಲಿ ಇದು ಸಾಮಾನ್ಯ. ಮುಖ ತೊಳೆದು ಮಾಸ್ಕ್ ಧರಿಸಿ, ಅದರ ಮೆತ್ತನೆಯ ಭಾಗವನ್ನು ಪ್ರತಿದಿನ ತೊಳೆದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಇನ್ನು ಬಾಯಿ ಒಣಗುವುದೆಲ್ಲ ಸೋರಿಕೆಯಲ್ಲ. ಅಲರ್ಜಿಯ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಮತ್ತು ಹತೋಟಿಯಲ್ಲಿಲ್ಲದ ಮಧುಮೇಹವೂ ಬಾಯನ್ನು ಒಣಗಿಸುತ್ತವೆ.

ಸಂದೇಹ ನಿವಾರಣೆಗೆ ಯಂತ್ರದ ದಾಖಲೆಯನ್ನು ನೋಡಬೇಕು. ಹೆಚ್ಚಿನ ಯಂತ್ರಗಳು ಪ್ರತಿ ರಾತ್ರಿಯ ಸೋರಿಕೆಯನ್ನು ಪರದೆಯ ಮೇಲೆ, ಮೆಮರಿ ಕಾರ್ಡಿನಲ್ಲಿ ಅಥವಾ ಮೊಬೈಲಿನಲ್ಲಿ ತೋರಿಸುತ್ತವೆ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ಮೀರಿದ ಸೋರಿಕೆಯನ್ನು ಅಧಿಕವೆಂದು ಪರಿಗಣಿಸಲಾಗುತ್ತದೆ. ಬೇರೆ ಕಂಪನಿಗಳ ಲೆಕ್ಕದ ವಿಧಾನ ಬೇರೆಯಿರುವುದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬಾರದು.

ಮೊದಲು ಮೂಗು

ಬಾಯಿಯಿಂದ ಗಾಳಿ ಸೋರಿದಾಗ ಯಂತ್ರವು ಅದನ್ನು ತುಂಬಿಸಲು ಇನ್ನಷ್ಟು ಗಾಳಿಯನ್ನು ಮೂಗಿನೊಳಕ್ಕೆ ನೂಕುತ್ತದೆ. ಗಾಳಿ ಮೂಗಿನಿಂದ ಒಳಬಂದು ಬಾಯಿಯಿಂದ ಹೊರಹೋಗುವುದರಿಂದ, ಉಸಿರು ಬಿಡುವಾಗ ಮೂಗಿಗೆ ಮರಳಬೇಕಾದ ತೇವ ಮರಳುವುದಿಲ್ಲ. ಒಳಪೊರೆ ಒಣಗಿ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕಟ್ಟಿದ ಮೂಗಿನಿಂದಾಗಿ ಬಾಯಿ ಮತ್ತಷ್ಟು ತೆರೆಯುತ್ತದೆ. ಈ ವಿಷಚಕ್ರವನ್ನು ಮೂಗಿನ ಕಡೆಯಿಂದಲೇ ಮುರಿಯಬೇಕು.

ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ ಸರಳ ಉಪಾಯ. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ದೇಹಕ್ಕೆ ಹೊಂದುವ ಪ್ರಮಾಣ. ನಲ್ಲಿಯ ನೀರನ್ನು ನೇರವಾಗಿ ಬಳಸದೆ, ಕುದಿಸಿ ಆರಿಸಿದ ನೀರನ್ನೇ ಬಳಸತಕ್ಕದ್ದು. ಅಲರ್ಜಿಯಿದ್ದರೆ ವೈದ್ಯರು ಸೂಚಿಸುವ ಸ್ಟೀರಾಯ್ಡ್ ಸ್ಪ್ರೇ ಪ್ರಯೋಜನಕಾರಿ. ಅದರ ಪೂರ್ಣ ಫಲ ಕಾಣಲು ಕೆಲವು ದಿನಗಳು ಬೇಕು. ಔಷಧಿ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ, ಝೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಇರುವ ಹನಿಗಳು ಕ್ಷಣದಲ್ಲಿ ಮೂಗು ತೆರೆಯುತ್ತವೆ ನಿಜ. ಆದರೆ ನಾಲ್ಕೈದು ದಿನಗಳಿಗೂ ಮೀರಿ ಸತತವಾಗಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟಿಕೊಳ್ಳಬಹುದು. ಮೂಗಿನ ನಡುಗೋಡೆ ಬಾಗಿದ್ದರೆ ಅಥವಾ ಒಳಗೆ ದುರ್ಮಾಂಸ ಬೆಳೆದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನೇ ಕಾಣಬೇಕು.

ತೇವ ಮತ್ತು ಶಾಖ

ಯಂತ್ರದ ಜೊತೆಗೆ ಬರುವ ಹ್ಯುಮಿಡಿಫೈಯರ್, ಎಂದರೆ ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಸೇರಿಸುವ ತೊಟ್ಟಿ, ಮೇಲೆ ಹೇಳಿದ ವಿಷಚಕ್ರಕ್ಕೆ ನೇರವಾದ ಮದ್ದು. ಮುಂಬಯಿ, ಚೆನ್ನೈಗಳ ಹವೆಯೇ ತೇವಭರಿತವಾಗಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ರಾತ್ರಿಯಿಡೀ ಎ.ಸಿ. ಓಡುವ ಕೋಣೆಯ ಗಾಳಿ ಹೊರಗಿನ ಗಾಳಿಯಂತಿರುವುದಿಲ್ಲ, ಎ.ಸಿ. ಅದರ ತೇವವನ್ನು ಹೀರಿರುತ್ತದೆ. ದೆಹಲಿಯ ಚಳಿಗಾಲದಲ್ಲಿ ತೊಂದರೆ ಬೇರೆ ಬಗೆಯದು. ಬೆಚ್ಚಗಿನ ತೇವದ ಗಾಳಿಯು ತಣ್ಣನೆಯ ಕೊಳವೆಯಲ್ಲಿ ಹನಿಗಟ್ಟಿ ಮೂಗಿಗೆ ನೀರು ಸಿಡಿಯುತ್ತದೆ. ಕೊಳವೆಗೆ ಬಟ್ಟೆಯ ಹೊದಿಕೆ ಹಾಕುವುದು, ಅದನ್ನು ಕಂಬಳಿಯೊಳಗೆ ತರುವುದು ಅಥವಾ ಬಿಸಿಯಾಗುವ ಕೊಳವೆಯನ್ನು ಬಳಸುವುದು ಇದಕ್ಕೆ ಪರಿಹಾರ. ತೊಟ್ಟಿಗೆ ಡಿಸ್ಟಿಲ್ಡ್ ನೀರು ಹಾಕುವುದು ಉತ್ತಮ. ಉಳಿದ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲಿ ತೊಟ್ಟಿಯನ್ನು ತೊಳೆದು ಒಣಗಿಸಬೇಕು.

ದಿಂಬು, ಹಲ್ಲು ಮತ್ತು ಒತ್ತಡ

ಅಂಗಾತ ಮಲಗಿದಾಗ ದವಡೆ ಮತ್ತು ನಾಲಗೆ ಹಿಂದಕ್ಕೆ ಜಾರುತ್ತವೆ; ಮಗ್ಗುಲಾಗಿ ಮಲಗಿದರೆ ಹಲವರಿಗೆ ಸೋರಿಕೆ ತಗ್ಗುತ್ತದೆ. ಎರಡು ದಿಂಬುಗಳನ್ನು ಪೇರಿಸಿ ಮಲಗಿದರೆ ಗದ್ದವು ಎದೆಗೆ ಬಾಗಿ ಬಾಯಿ ತೆರೆದುಕೊಳ್ಳಬಹುದು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡುವ ಹಿರಿಯರಲ್ಲಿ ತುಟಿ ಮತ್ತು ದವಡೆಯ ಆಧಾರ ತಪ್ಪಿ ಸೋರಿಕೆ ಹೆಚ್ಚುವುದುಂಟು. ಈ ಬಗ್ಗೆ ದಂತವೈದ್ಯರ ಸಲಹೆ ಪಡೆಯಬೇಕು. ಮಲಗುವ ಮುನ್ನ ಮದ್ಯಪಾನ ಮಾಡಿದರೆ ಸ್ನಾಯುಗಳು ಇನ್ನಷ್ಟು ಸಡಿಲಗೊಂಡು ಕಾಯಿಲೆಯೂ ಸೋರಿಕೆಯೂ ಉಲ್ಬಣಿಸುತ್ತವೆ.

ಒತ್ತಡವು ಅಗತ್ಯಕ್ಕಿಂತ ಹೆಚ್ಚಿದ್ದರೆ ಅದೇ ಬಾಯಿಯ ಮುಚ್ಚುಗೆಯನ್ನು ಭೇದಿಸಬಹುದು. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯವೂ ಹಲವು ಯಂತ್ರಗಳಲ್ಲಿದೆ. ಇವನ್ನು ದಾಖಲೆಯ ಆಧಾರದ ಮೇಲೆ ವೈದ್ಯರೇ ಬದಲಿಸಬೇಕು. ನೆರೆಹೊರೆಯವರ ಯಂತ್ರದಲ್ಲಿರುವ ಅಂಕಿಯನ್ನು ನೋಡಿ ನಮ್ಮದನ್ನು ತಿರುಗಿಸುವುದು ಸಲ್ಲದು.

ನಾಲಗೆಯ ಅಭ್ಯಾಸ ಮತ್ತು ಗದ್ದದ ಪಟ್ಟಿ

'ನ' ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ನಿಲ್ಲುತ್ತದೆ. ಅಲ್ಲಿ ಅದನ್ನು ಇರಿಸಿ, ಉಳಿದ ನಾಲಗೆಯನ್ನು ಅಂಗುಳಕ್ಕೆ ಮೆಲ್ಲನೆ ಒತ್ತಿ, ತುಟಿ ಮುಚ್ಚಿ ಮೂಗಿನಿಂದ ಉಸಿರಾಡುವ ಅಭ್ಯಾಸವನ್ನು ಹಗಲಿನಲ್ಲಿಯೇ ಮಾಡಿಕೊಳ್ಳಬಹುದು. ಎಚ್ಚರವಿರುವಾಗ ಯಂತ್ರ ಹಾಕಿಕೊಂಡು ಹದಿನೈದು ನಿಮಿಷ ಪುಸ್ತಕ ಓದುತ್ತಾ ಕುಳಿತರೆ ದೇಹಕ್ಕೆ ಈ ಸ್ಥಿತಿ ಪರಿಚಯವಾಗುತ್ತದೆ. ನಿದ್ರೆಯಲ್ಲಿಯೂ ಅದು ಉಳಿದೀತೆಂಬ ಖಾತ್ರಿಯಿಲ್ಲದಿದ್ದರೂ ಖರ್ಚಿಲ್ಲದ, ಹಾನಿಯಿಲ್ಲದ ಪ್ರಯತ್ನವಿದು.

ದವಡೆ ಜಾರುವುದೇ ಕಾರಣವಾಗಿದ್ದರೆ ತಲೆಯ ಸುತ್ತ ಬರುವ ಗದ್ದದ ಪಟ್ಟಿಯಿಂದ ಕೆಲವರಿಗೆ ಅನುಕೂಲವಾಗುತ್ತದೆ. ಪಟ್ಟಿಯು ದವಡೆಯನ್ನು ಮೇಲಕ್ಕೆ ಎತ್ತಬೇಕೇ ಹೊರತು ಹಿಂದಕ್ಕೆ ಎಳೆಯಬಾರದು. ಹಿಂದಕ್ಕೆ ಎಳೆದರೆ ಶ್ವಾಸಮಾರ್ಗವೇ ಕಿರಿದಾದೀತು. ದವಡೆ ಮುಚ್ಚಿದ್ದರೂ ತುಟಿಗಳ ಸಂದಿಯಿಂದ ಗಾಳಿ ಹೋಗಬಲ್ಲದಾದ್ದರಿಂದ ಇದು ಎಲ್ಲರಿಗೂ ಫಲಿಸುವುದಿಲ್ಲ.

ಬಾಯಿಗೆ ಅಂಟುಪಟ್ಟಿ: ಎಚ್ಚರಿಕೆ

ತುಟಿಗಳ ಮೇಲೆ ಅಂಟುಪಟ್ಟಿ ಹಾಕಿ ಮಲಗುವ ರೂಢಿ ಇತ್ತೀಚೆಗೆ ಹಬ್ಬುತ್ತಿದೆ. ವೈದ್ಯರನ್ನು ಕೇಳದೆ ಇದನ್ನು ಮಾಡಬಾರದೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಡುರಾತ್ರಿ ವಿದ್ಯುತ್ ಹೋಗಿ ಯಂತ್ರ ನಿಂತಾಗ ಮೂಗಿನ ಮಾಸ್ಕ್ ಧರಿಸಿದವರಿಗೆ ಬಾಯಿಯೇ ಆಪತ್ಕಾಲದ ಬಾಗಿಲು. ಆ ಬಾಗಿಲಿಗೆ ಅಗುಳಿ ಹಾಕಿದಂತಾಗುತ್ತದೆ ಈ ಅಂಟುಪಟ್ಟಿ. ಮೂಗು ಕಟ್ಟಿರುವವರು, ವಾಂತಿಯ ಸಂಭವವಿರುವವರು, ಮದ್ಯ ಅಥವಾ ನಿದ್ರೆಮಾತ್ರೆ ಸೇವಿಸಿದವರು, ತಮ್ಮ ಕೈಯಿಂದ ತಾವೇ ಪಟ್ಟಿ ಕಿತ್ತುಕೊಳ್ಳಲಾಗದ ಅಶಕ್ತರು ಹಾಗೂ ಮಕ್ಕಳ ವಿಷಯದಲ್ಲಿ ಇದು ಸರ್ವಥಾ ಕೂಡದು. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಯಂತ್ರಕ್ಕೆ ಇನ್‌ವರ್ಟರ್ ಸಂಪರ್ಕ ಕಲ್ಪಿಸುವುದು ಕ್ಷೇಮ.

ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್

ಸೋರಿಕೆ ಕಂಡೊಡನೆ ದೊಡ್ಡ ಮಾಸ್ಕ್ ಮಾರುವ ಅಂಗಡಿಗಳುಂಟು. ಅದರಲ್ಲಿ ಯಂತ್ರ ನಿಂತರೆ ಹೊರಗಾಳಿ ಒಳಬರುವ ಕವಾಟವಿರುತ್ತದೆ ಎಂಬುದು ಗುಣ. ಆದರೆ ಅದೇ ಪರಿಣಾಮಕ್ಕೆ ಹೆಚ್ಚು ಒತ್ತಡ ಬೇಕಾಗಬಹುದು, ಪಟ್ಟಿಗಳು ದವಡೆಯನ್ನು ಹಿಂದಕ್ಕೆ ಒತ್ತಬಹುದು, ಮುಖದ ಅಂಚಿನ ಸೋರಿಕೆಯೂ ಹೆಚ್ಚಬಹುದು. ಆದುದರಿಂದ ಸಾಮಾನ್ಯವಾಗಿ ಮೂಗಿನ ಮಾಸ್ಕಿನಿಂದಲೇ ಆರಂಭಿಸುವುದು ಮೇಲು ಎಂಬುದು ನಿದ್ರಾತಜ್ಞರ ಅಭಿಪ್ರಾಯ. ಮೂಗಿನ ಅಡಚಣೆ ಸರಿಪಡಿಸಲಾಗದವರಿಗೆ, ಮೇಲಿನ ಉಪಾಯಗಳಾವುವೂ ಫಲಿಸದವರಿಗೆ ದೊಡ್ಡ ಮಾಸ್ಕ್ ಯೋಗ್ಯವಾದ ಆಯ್ಕೆಯೇ ಹೌದು. ಅದನ್ನು ಸೋಲೆಂದು ಭಾವಿಸಬೇಕಿಲ್ಲ. ಕೊಳ್ಳುವ ಮುನ್ನ ಯಂತ್ರ ನಡೆಯುತ್ತಿರುವಾಗ, ಮಲಗಿದ ಭಂಗಿಯಲ್ಲಿಯೇ ಅದನ್ನು ಧರಿಸಿ ನೋಡಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ

ಮೂಗು, ತೇವ, ಮಲಗುವ ಭಂಗಿ, ಒತ್ತಡ, ಗದ್ದದ ಪಟ್ಟಿ, ಕೊನೆಗೆ ಬೇರೆ ಮಾಸ್ಕ್ ಎಂಬ ಕ್ರಮದಲ್ಲಿ ಒಂದು ಬಾರಿಗೆ ಒಂದನ್ನೇ ಬದಲಿಸಿ, ಒಂದು ವಾರದ ಸೋರಿಕೆಯ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಸೋರಿಕೆ ತಗ್ಗಿದ ಮೇಲೂ ತೂಕಡಿಕೆ ಮುಂದುವರಿದರೆ, ಮೂಗಿನಿಂದ ಪದೇ ಪದೇ ರಕ್ತ ಬಂದರೆ ಅಥವಾ ಉಸಿರುಗಟ್ಟಿ ಏಳುವಂತಾದರೆ ಆ ಟಿಪ್ಪಣಿಯೊಡನೆ ವೈದ್ಯರನ್ನು ಕಾಣಬೇಕು.

ಯಂತ್ರ ಬಳಸದ ರಾತ್ರಿಗಳಲ್ಲಿ ಕಾಯಿಲೆ ಮರಳಿ ಬರುತ್ತದೆ. ಆದ್ದರಿಂದ ಅಟ್ಟ ಸೇರಿದ ಯಂತ್ರವೇನಾದರೂ ನಮ್ಮ ಓದುಗರ ಮನೆಗಳಲ್ಲಿದ್ದರೆ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಚಿಕಿತ್ಸೆ ನೀಡಿದ ವೈದ್ಯರಿಗೆ ಒಮ್ಮೆ ತೋರಿಸಿ, ಮೂಗಿನಿಂದ ಮೊದಲುಗೊಂಡು ಮತ್ತೊಮ್ಮೆ ಪ್ರಯತ್ನಿಸಬೇಕೆಂದು ಕೋರುತ್ತೇವೆ.