ಯಾಣ: ಕುಟುಂಬ ಸಮೇತ ಕೈಗೊಳ್ಳಬಹುದಾದ ಕಿರು ಅರಣ್ಯ ನಡಿಗೆ

ಯಾಣವು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟ ಅರಣ್ಯದ ನಡುವೆ ಇರುವ ಗ್ರಾಮವಾಗಿದೆ. ಇದು ಕುಮಟಾದಿಂದ ಸುಮಾರು 30 ಕಿ.ಮೀ. ಹಾಗೂ ಶಿರಸಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿದ್ದು, ಇಲ್ಲಿನ ಕಪ್ಪು ಶಿಲಾಶಿಖರಗಳು ನಾಡಿನಾದ್ಯಂತ ಪ್ರಸಿದ್ಧವಾಗಿವೆ.

ದಾರಿ

"ಸೊಕ್ಕಿದ್ದವರು ಯಾಣಕ್ಕೆ, ರೊಕ್ಕವಿದ್ದವರು ಗೋಕರ್ಣಕ್ಕೆ" ಎಂಬುದು ಈ ಭಾಗದ ಗಾದೆ. ರಸ್ತೆ ಇಲ್ಲದ ಕಾಲದಲ್ಲಿ ಯಾಣವನ್ನು ತಲುಪಲು ಕಾಡಿನಲ್ಲಿ ಬಹುದೂರ ನಡೆಯಬೇಕಾಗಿತ್ತು. ಈಗ ವಾಹನಗಳು ಶಿಖರಗಳ ಸಮೀಪದವರೆಗೆ ಹೋಗುತ್ತವೆ. ಅಲ್ಲಿಂದ ಮುಂದಿನ ದಾರಿಯನ್ನು ಮರಗಳ ನೆರಳಿನಲ್ಲಿ ಅರ್ಧ ಗಂಟೆಯೊಳಗೆ ಕ್ರಮಿಸಬಹುದು. ಕೊನೆಯಲ್ಲಿ ಮೆಟ್ಟಿಲುಗಳಿರುವುದರಿಂದ ಹಿರಿಯರು ಅಲ್ಲಲ್ಲಿ ವಿಶ್ರಮಿಸಿ ಸಾಗುವುದು ಒಳಿತು. ಈ ಪ್ರದೇಶದ ಕಾಡುಗಳಲ್ಲಿ ಮಂಗಟ್ಟೆ ಹಕ್ಕಿ ಹಾಗೂ ಕೆಂದಳಿಲುಗಳಿದ್ದು, ಸದ್ದಿಲ್ಲದೆ ನಡೆಯುವವರಿಗೆ ಕಾಣಸಿಗುವ ಸಾಧ್ಯತೆ ಹೆಚ್ಚು.

ಶಿಖರಗಳು

ಭೈರವೇಶ್ವರ ಶಿಖರವು ಸುಮಾರು 120 ಮೀ. ಹಾಗೂ ಮೋಹಿನಿ ಶಿಖರವು ಸುಮಾರು 90 ಮೀ. ಎತ್ತರವಾಗಿವೆ. ಇವು ಸುಣ್ಣಕಲ್ಲಿನ ರಚನೆಗಳು. ಸುಣ್ಣಕಲ್ಲು ಮಳೆನೀರಿನಲ್ಲಿ ಬಹು ನಿಧಾನವಾಗಿ ಕರಗುವುದರಿಂದ ಬಂಡೆಗಳಲ್ಲಿ ಸೀಳುಗಳು, ಗುಹೆಗಳು ಹಾಗೂ ಚೂಪಾದ ಅಂಚುಗಳು ಉಂಟಾಗಿವೆ. ಭೈರವೇಶ್ವರ ಶಿಖರದ ಗುಹೆಯಲ್ಲಿ ಸ್ವಯಂಭೂ ಲಿಂಗವಿದ್ದು, ಅದರ ಮೇಲೆ ಬಂಡೆಯಿಂದ ನೀರು ಜಿನುಗುತ್ತದೆ. ಮಹಾಶಿವರಾತ್ರಿಯಂದು ಇಲ್ಲಿ ವಿಶೇಷ ಪೂಜೆ ನಡೆಯುತ್ತದೆ.

ಸ್ಥಳಪುರಾಣ

ತಾನು ಯಾರ ತಲೆಯ ಮೇಲೆ ಕೈಯಿಡುವನೋ ಅವರು ಬೂದಿಯಾಗಲೆಂದು ವರ ಪಡೆದ ಭಸ್ಮಾಸುರನು ವರವಿತ್ತ ಶಿವನನ್ನೇ ಬೆನ್ನಟ್ಟಿದನು. ಆಗ ವಿಷ್ಣುವು ಮೋಹಿನಿಯ ರೂಪದಲ್ಲಿ ನರ್ತಿಸಿ, ಅಸುರನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಳ್ಳುವಂತೆ ಮಾಡಿದನು. ಆ ಬೆಂಕಿಯಿಂದಲೇ ಇಲ್ಲಿನ ಕಲ್ಲು, ಮಣ್ಣು ಕಪ್ಪಾದವೆಂಬುದು ಪ್ರತೀತಿ.

ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿಯವರೆಗೆ ಭೇಟಿಗೆ ಅನುಕೂಲಕರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಧಿಕವಾಗಿದ್ದು, ಮೆಟ್ಟಿಲುಗಳು ಹಾಗೂ ಬಂಡೆಗಳು ಜಾರುತ್ತವೆ. ಆಗ ಉಂಬಳಗಳ ಕಾಟವೂ ಇರುತ್ತದೆ. ಉಂಬಳ ಹತ್ತಿದಲ್ಲಿ ಗಾಬರಿಪಡದೆ ಉಗುರಿನಿಂದ ಮೆಲ್ಲನೆ ಸರಿಸಿ ತೆಗೆಯಬಹುದು.

ಹೆಜ್ಜೇನು: ವಿಶೇಷ ಎಚ್ಚರಿಕೆ

ಶಿಖರಗಳ ಮೇಲ್ಭಾಗದಲ್ಲಿ ಹೆಜ್ಜೇನಿನ ದೊಡ್ಡ ಹುಟ್ಟುಗಳು ತೂಗಾಡುತ್ತಿರುತ್ತವೆ. ಹೊಗೆ, ಕಲ್ಲೆಸೆತ ಅಥವಾ ಕೂಗಾಟದಿಂದ ಜೇನುಗಳು ಎದ್ದಲ್ಲಿ ಸಮೀಪದಲ್ಲಿರುವ ಎಲ್ಲರಿಗೂ ಪ್ರಾಣಾಪಾಯವಿದೆ. ಒಬ್ಬರ ತಪ್ಪಿಗೆ ಓಡಲಾರದ ಮಕ್ಕಳು ಹಾಗೂ ವೃದ್ಧರು ಹೆಚ್ಚಿನ ತೊಂದರೆಗೆ ಒಳಗಾಗುತ್ತಾರೆ. ಜೇನು ಎದ್ದಾಗ ಕೈ ಬೀಸದೆ, ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಕೂಡಲೇ ದೂರ ಸರಿಯತಕ್ಕದ್ದು.

ಪ್ರವಾಸಿಗರ ಗಮನಕ್ಕೆ

1. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕಾರ ಅಪರಾಧ.
2. ಬಂಡೆಗಳನ್ನು ಏರಬಾರದು. ಗುಹೆಯೊಳಗೆ ಮಕ್ಕಳ ಕೈ ಹಿಡಿದು ನಡೆಯಿರಿ.
3. ಕುಡಿಯುವ ನೀರನ್ನು ಜೊತೆಯಲ್ಲಿ ತನ್ನಿ. ಖಾಲಿ ಬಾಟಲಿ ಹಾಗೂ ಪ್ಲಾಸ್ಟಿಕ್ ಅನ್ನು ಮರಳಿ ಒಯ್ಯಿರಿ.
4. ಕತ್ತಲಾಗುವ ಮೊದಲೇ ಹಿಂತಿರುಗಿ.

ರಸ್ತೆಯಿಂದ ದಾರಿ ಸುಲಭವಾಗಿದೆಯೇ ಹೊರತು ಕಾಡಿನ ಸ್ವಭಾವ ಬದಲಾಗಿಲ್ಲ. ಇದನ್ನು ಮನಗಂಡು ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.