ಮುರಿದ ಮರದ ಲೆಕ್ಕ

ಗಾಳಿಮಳೆಗೆ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಅಡಿಕೆ ಮರ ಅರ್ಧಕ್ಕೆ ಮುರಿದು, ತುದಿ ನೆಲಕ್ಕೆ ತಾಗಿದ್ದನ್ನು ನಾವೆಲ್ಲ ನೋಡಿದವರೇ. ಬುಡ, ಮುರಿದ ಜಾಗ, ತುದಿ ಸೇರಿ ಅದೊಂದು ತ್ರಿಕೋನ. ಹತ್ತನೇ ಕ್ಲಾಸಿನಲ್ಲಿ ಇಂಥ ತ್ರಿಕೋನದೊಳಗೆ ‘ಎಕ್ಸ್’ ಕಂಡರೆ ಸಾಕು, ನಮಗೆ ಕೈಕಾಲು ಬರುತ್ತಿರಲಿಲ್ಲ.

ಲೆಕ್ಕ ಮಾತ್ರ ತುಂಬಾ ಹಳತು. 1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಕೇಳಿದ್ದಾರೆ: 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಎಷ್ಟು ಎತ್ತರದಲ್ಲಿ ಮುರಿಯಿತು? ಆ ಎತ್ತರ ಎಕ್ಸ್ ಆದರೆ, ಮುರಿದ ತುಂಡು 32ರಲ್ಲಿ ಎಕ್ಸ್ ಕಳೆದಷ್ಟು. ಪೈಥಾಗೊರಸ್ ಸೂತ್ರ ಹಾಕಿದರೆ ಉತ್ತರ 12 ಮೊಳ. ಭಾಸ್ಕರರಿಗೆ ಎಕ್ಸ್ ಇರಲಿಲ್ಲ. ಗೊತ್ತಿಲ್ಲದ್ದನ್ನು ಅವರ ‘ಬೀಜಗಣಿತ’ ‘ಯಾವತ್ತಾವತ್’ ಎನ್ನುತ್ತದೆ, ಬರೆಯುವಾಗ ಬರೀ ‘ಯಾ’. ಎಕ್ಸ್ ಚಾಲ್ತಿಗೆ ಬಂದದ್ದು 1637ರಲ್ಲಿ, ಫ್ರಾನ್ಸಿನ ಡೆಕಾರ್ಟನ ಪುಸ್ತಕದಿಂದ.

ಕನ್ನಡನಾಡಿನಲ್ಲೂ ಈ ವಿದ್ಯೆ ಇತ್ತು. 9ನೇ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. 12ನೇ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ನಮ್ಮ ಪಾಠದಲ್ಲಿ ಇವರ ಹೆಸರು ಕೇಳಿದ ನೆನಪೇ ನಮಗಿಲ್ಲ.

ಇವರ ಕ್ಷೇತ್ರಗಣಿತ ಹೆಚ್ಚಾಗಿ ಕೇಳಿದ್ದು ಉದ್ದ, ವಿಸ್ತೀರ್ಣಗಳನ್ನು; ಕೋನವನ್ನಲ್ಲ. ತ್ರಿಕೋನದ ಮೂರು ಕೋನ ಸೇರಿದರೆ ಎರಡು ಲಂಬಕೋನ ಎಂಬ ಸಾಧನೆ ಗ್ರೀಕರ ಯೂಕ್ಲಿಡನ ಪುಸ್ತಕದ್ದು, ಕ್ರಿ.ಪೂ. 300ರ ಸುಮಾರಿನದು. ಶಾಲೆಯ ಲೆಕ್ಕದಲ್ಲಿ ಎರಡೂ ಕೂಡಿವೆ. ತೋಟದ ಮರಕ್ಕೇ ಹಾಕಿ ನೋಡಿ: ಬುಡದಲ್ಲಿ 90 ಡಿಗ್ರಿ, ಉಳಿದ ಎರಡು ಸೇರಿ 90. ಮುರಿದಲ್ಲಿನ ಕೋನ ತುದಿಯದರ ಎರಡರಷ್ಟಿದ್ದರೆ ಮೂರು ಎಕ್ಸ್ ಅಂದರೆ 90, ಎಕ್ಸ್ 30. ಗುಡ್ಡದ ಇಳಿಜಾರಿನ ತೋಟವಾದರೆ ಮಾತ್ರ ಬುಡದ ಆ 90 ಸಿಗುವುದಿಲ್ಲ, ಮೊದಲು ಅದನ್ನೇ ಅಳೆಯಬೇಕು.