ಅಂತಸ್ತುಗಳ ಚದುರಂಗ: ಮಣೆ ಮೊದಲೋ, ನಿಯಮ ಮೊದಲೋ?

ಆಟಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಸಾಮಾನ್ಯವಾಗಿ ಒದಗುವ ಕಷ್ಟವೆಂದರೆ, ಮಣೆ ದೊರೆಯುತ್ತದೆ, ಆಡುವ ಕ್ರಮ ದೊರೆಯುವುದಿಲ್ಲ. ಈಜಿಪ್ಟಿನ ಸಮಾಧಿಗಳಲ್ಲಿ ಸೆನೆಟ್ ಎಂಬ ಆಟದ ಮಣೆಗಳು ಕಾಯಿಗಳ ಸಮೇತ ಸಿಕ್ಕಿವೆ. ಆದರೆ ಅದನ್ನು ಹೇಗೆ ಆಡುತ್ತಿದ್ದರೆಂದು ಹೇಳುವ ಗ್ರಂಥ ಉಳಿದಿಲ್ಲ. ಅಲ್ಲಿ ನಿಯಮವಿತ್ತು, ನಶಿಸಿತು. ಪ್ರಕೃತ ಲೇಖನದಲ್ಲಿ ವಿಚಾರಿಸುವ ಆಟದ ಸಂಗತಿ ಇದಕ್ಕಿಂತ ವಿಚಿತ್ರವಾದುದು. ಇಲ್ಲಿ ಮಣೆಯನ್ನು ಕೋಟ್ಯಂತರ ಜನ ಕಣ್ಣಾರೆ ಕಂಡರು. ಅದನ್ನು ಮುಂದಿಟ್ಟುಕೊಂಡು ಇಬ್ಬರು ಆಡುತ್ತಿದ್ದುದನ್ನೂ ಕಂಡರು. ಆದರೆ ಹಾಗೆ ಕಂಡಾಗ ಆ ಆಟಕ್ಕೆ ನಿಯಮವೆಂಬುದೇ ಇರಲಿಲ್ಲ.

ನಾವು ಹೇಳುತ್ತಿರುವುದು ೧೯೬೬ರಿಂದ ೧೯೬೯ರ ವರೆಗೆ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಮಾಲಿಕೆಯಲ್ಲಿ ಕಾಣಿಸಿಕೊಂಡ ಮೂರು ಆಯಾಮದ ಚದುರಂಗದ ವಿಷಯ. ಇದರ ಬಗ್ಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಘನಚದುರಂಗವೆಂಬ ಕಲ್ಪನೆಯೇ ಆ ಮಾಲಿಕೆಯಿಂದ ಹುಟ್ಟಿತೆಂಬುದು ಮೊದಲನೆಯದು. ಇದು ಜರ್ಮನ್ ವೈದ್ಯನೊಬ್ಬನು ಅರುವತ್ತು ವರ್ಷ ಮೊದಲೇ ರಚಿಸಿದ ಆಟದ ಅನುಕರಣವೆಂಬುದು ಎರಡನೆಯದು. ಮೊದಲನೆಯದು ಖಂಡಿತವಾಗಿಯೂ ತಪ್ಪು. ಎರಡನೆಯದಕ್ಕೂ ಆಧಾರ ಸಾಲದು ಎಂಬುದು ನಮ್ಮ ಅಭಿಪ್ರಾಯ. ಮುಂದೆ ಹೋಗುವ ಮುನ್ನ ಪರಿಭಾಷೆಯ ಬಗ್ಗೆ ಒಂದು ಮಾತು: ಇಲ್ಲಿ ನೇರವಾಗಿ ನಡೆಯುವ ಕಾಯಿಯನ್ನು ಆನೆಯೆಂದೂ, ಓರೆಯಾಗಿ ನಡೆಯುವುದನ್ನು ಒಂಟೆಯೆಂದೂ, ಎರಡೂ ಬಗೆಯಲ್ಲಿ ನಡೆಯುವುದನ್ನು ಮಂತ್ರಿಯೆಂದೂ ಕರೆದಿದೆ.

ಚದುರಂಗವನ್ನು ಸಮತಲದಿಂದ ಎತ್ತಿ ಘನಾಕೃತಿಗೆ ಒಯ್ಯುವ ಆಲೋಚನೆ ಮೊದಲು ಬಂದದ್ದು ಆಟಗಾರರಿಗಲ್ಲ, ಗಣಿತಜ್ಞರಿಗೆ. ಕುದುರೆಯು ಒಂದು ಮನೆಗೆ ಒಂದೇ ಸಲದಂತೆ ಎಲ್ಲ ಮನೆಗಳನ್ನೂ ಸುತ್ತಿಬರುವ ಸಮಸ್ಯೆ ಪುರಾತನವಾದುದು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ತುರಗಪದ ಬಂಧವನ್ನು ಹೇಳಿದ್ದಾನೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇದರಲ್ಲಿ ವಿಶೇಷ ಪರಿಶ್ರಮವುಳ್ಳವರಾಗಿದ್ದರೆಂಬುದನ್ನು ಕನ್ನಡ ವಾಚಕರಿಗೆ ನೆನಪಿಸಬೇಕಾಗಿಲ್ಲ. ಫ್ರಾನ್ಸಿನ ವಾಂಡರ್ಮೋಂಡ್ ೧೭೭೧ರಲ್ಲಿ ಈ ಸಮಸ್ಯೆಯನ್ನು ಅಂಕಿಗಳ ಮೂಲಕ ನಿರೂಪಿಸುವಾಗ, ಪ್ರತಿ ಮನೆಗೂ ಎರಡು ಅಂಕಿಗಳ ಬದಲು ಮೂರನ್ನು ಕೊಟ್ಟು, ಪಾರ್ಶ್ವಕ್ಕೆ ನಾಲ್ಕು ಮನೆಗಳುಳ್ಳ ಘನದೊಳಗೂ ಕುದುರೆಯನ್ನು ಸಂಚರಿಸುವಂತೆ ಮಾಡಿದನು. ನಾಲ್ಕರ ಘನಕ್ಕೂ ಎಂಟರ ವರ್ಗಕ್ಕೂ ಮನೆಗಳು ಅರುವತ್ತನಾಲ್ಕೇ ಎಂಬ ಸಂಗತಿಯನ್ನು ಇಲ್ಲಿ ಗಮನಿಸಬೇಕು; ಮುಂದೆ ಈ ಸಂಖ್ಯೆ ಮತ್ತೆ ಬರುತ್ತದೆ. ೧೮೫೧ರಲ್ಲಿ ಕೀಸರಿಟ್ಸ್ಕಿ ಎಂಬ ಪ್ರಸಿದ್ಧ ಆಟಗಾರನು ಎಂಟು ಮಣೆಗಳನ್ನು ಒಂದರ ಮೇಲೊಂದರಂತೆ ಭಾವಿಸಿ ೫೧೨ ಮನೆಗಳ ಆಟವೊಂದನ್ನು ಕಲ್ಪಿಸಿದನು. ಅದು ಬಳಕೆಗೆ ಬರಲಿಲ್ಲ. ಬಂದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಘನಚದುರಂಗವನ್ನು ನಿಜವಾಗಿ ಆಡುವ ಆಟವನ್ನಾಗಿ ಮಾಡಿದವನು ಹ್ಯಾಂಬುರ್ಗಿನ ವೈದ್ಯ ಫರ್ಡಿನಾಂಡ್ ಮಾಕ್ (೧೮೬೧–೧೯೩೦). ಅವನ ‘ರೌಮ್‌ಷಾಖ್’, ಎಂದರೆ ಆಕಾಶಚದುರಂಗ, ೧೯೦೭ರಲ್ಲಿ ಹೊರಬಂದಿತು. ಅವನ ವಾದ ಸರಳವಾದುದು. ಚದುರಂಗವು ಯುದ್ಧದ ಅನುಕರಣ. ಈಗಿನ ಯುದ್ಧದಲ್ಲಿ ಶತ್ರುವು ಮುಂದಿನಿಂದ ಮಾತ್ರವಲ್ಲ, ಮೇಲಿನ ಆಕಾಶದಿಂದಲೂ ಕೆಳಗಿನ ನೀರಿನಿಂದಲೂ ಬರುತ್ತಾನೆ. ಆದಕಾರಣ ಚದುರಂಗವೂ ಮೇಲಕ್ಕೂ ಕೆಳಕ್ಕೂ ಬೆಳೆಯಬೇಕು. ಝೆಪೆಲಿನ್ನನ ಮೊದಲ ವಾಯುನೌಕೆ ಹಾರಿದ್ದು ೧೯೦೦ರಲ್ಲಿ; ವೆಲ್ಸನ ‘ದಿ ವಾರ್ ಇನ್ ದಿ ಏರ್’ ಕಾದಂಬರಿ ಪುಸ್ತಕವಾಗಿ ಬಂದದ್ದು ೧೯೦೮ರಲ್ಲಿ. ಮಾಕನ ಆಟವು ಇವೆರಡರ ನಡುವೆ ಹುಟ್ಟಿದೆ. ವೈಜ್ಞಾನಿಕ ಕಥೆಗಳನ್ನು ಓದಿ ಅವನು ಪ್ರೇರಿತನಾದನೆಂದು ಹೇಳಲು ನಮಗೆ ಆಧಾರವಿಲ್ಲ. ಆದರೆ ಆ ಕಥೆಗಳಿಗೂ ಈ ಆಟಕ್ಕೂ ಪ್ರೇರಕವಾದ ಭಯ ಒಂದೇ ಎಂಬುದು ಸ್ಪಷ್ಟ.

ಮಾಕ್ ಮೊದಲು ಎಂಟರ ಘನವನ್ನೇ ತೆಗೆದುಕೊಂಡು, ಪ್ರಯೋಗಗಳನ್ನು ಮಾಡುತ್ತ, ಕೊನೆಗೆ ಐದರ ಘನಕ್ಕೆ ಇಳಿದನು. ಐದು ಮಣೆ, ಮಣೆಗೆ ಇಪ್ಪತ್ತೈದು ಮನೆ, ಒಟ್ಟು ೧೨೫. ಆನೆಯು ಮನೆಯ ಮುಖಗಳ ಮೂಲಕ ಆರು ದಿಕ್ಕುಗಳಲ್ಲಿಯೂ, ಒಂಟೆಯು ಅಂಚುಗಳ ಮೂಲಕ ಹನ್ನೆರಡು ದಿಕ್ಕುಗಳಲ್ಲಿಯೂ ನಡೆಯುತ್ತವೆ. ಘನದ ಮೂಲೆಗಳ ಮೂಲಕ ಹಾಯುವ ಇನ್ನೂ ಎಂಟು ದಿಕ್ಕುಗಳು ಉಳಿಯುತ್ತವೆ. ಸಮತಲದಲ್ಲಿ ಇವಕ್ಕೆ ಸಮಾನವಾದುದೇ ಇಲ್ಲವಾದ್ದರಿಂದ ಮಾಕ್ ಹೊಸ ಕಾಯಿಯೊಂದನ್ನು ಸೃಷ್ಟಿಸಿ ಅದಕ್ಕೆ ಏಕಶೃಂಗಿಯೆಂದು ಹೆಸರಿಟ್ಟನು. (ಶೃಂಗೇರಿಯ ಕಡೆಯವರಿಗೆ ಋಷ್ಯಶೃಂಗನ ನೆನಪಾದರೆ ತಪ್ಪಿಲ್ಲ, ಆದರೆ ಇದು ಪಾಶ್ಚಾತ್ಯರ ಒಂಟಿಕೊಂಬಿನ ಕುದುರೆ.) ಮಂತ್ರಿಗೆ ಈ ಇಪ್ಪತ್ತಾರು ದಿಕ್ಕುಗಳೂ ತೆರೆದಿವೆ. ಏಕಶೃಂಗಿಯ ದೌರ್ಬಲ್ಯವೇನೆಂದರೆ, ಅದು ಹೊರಟ ಸ್ಥಾನದಿಂದ ೧೨೫ ಮನೆಗಳಲ್ಲಿ ಮೂವತ್ತನ್ನು ಮಾತ್ರ ಮುಟ್ಟಬಲ್ಲುದು. ಬಿಳಿಯ ಪದಾತಿಯು ಒಂದು ಮನೆ ಮುಂದಕ್ಕಾಗಲಿ ಒಂದು ಅಂತಸ್ತು ಮೇಲಕ್ಕಾಗಲಿ ಹೋಗುತ್ತದೆ, ಕರಿಯದು ಕೆಳಕ್ಕೆ ಇಳಿಯುತ್ತದೆ. ಒಬ್ಬೊಬ್ಬನಿಗೆ ಇಪ್ಪತ್ತು ಕಾಯಿಗಳು.

೧೯೧೯ರಲ್ಲಿ ಮಾಕ್ ಹ್ಯಾಂಬುರ್ಗಿನಲ್ಲಿ ಈ ಆಟದ ಸಂಘವೊಂದನ್ನು ಕಟ್ಟಿದನು. ಎರಡನೆಯ ಮಹಾಯುದ್ಧದ ವರೆಗೆ ಅದು ನಡೆಯಿತು, ಅನಂತರ ನಿಂತಿತು. ಇಂಗ್ಲೆಂಡಿನಲ್ಲಿ ಟಿ. ಆರ್. ಡಾಸನ್ ಇದರ ಮೇಲೆ ಸಮಸ್ಯೆಗಳನ್ನು ರಚಿಸಿದನು. ಇಷ್ಟು ತರ್ಕಶುದ್ಧವಾದ ಆಟ ಏಕೆ ಹಬ್ಬಲಿಲ್ಲ? ಉತ್ತರವನ್ನು ಲೆಕ್ಕದಿಂದಲೇ ಕೊಡಬಹುದು. ಸಾಮಾನ್ಯ ಚದುರಂಗದಲ್ಲಿ ನಡುಮಣೆಯ ರಾಜನನ್ನು ಕಟ್ಟಬೇಕಾದರೆ ಅವನು ನಿಂತ ಮನೆಯೂ ಸೇರಿ ಒಂಬತ್ತು ಮನೆಗಳನ್ನು ಆವರಿಸಬೇಕು. ಘನದ ನಡುವಿನ ರಾಜನಿಗಾದರೋ ಇಪ್ಪತ್ತೇಳು. ಮೂಲೆಗೆ ಒತ್ತಿದರೂ ನಾಲ್ಕರ ಬದಲು ಎಂಟು. ಮೇಲಾಗಿ ಸಾಮಾನ್ಯ ಮಣೆಯಲ್ಲಿ ಆರಂಭಕ್ಕೆ ಅರ್ಧ ಮನೆಗಳು ತುಂಬಿರುತ್ತವೆ. ಇಲ್ಲಿ ನಲವತ್ತು ಕಾಯಿಗಳು ೧೨೫ ಮನೆಗಳಲ್ಲಿ ಹರಡಿ, ಮೂರರಲ್ಲಿ ಒಂದಂಶವೂ ತುಂಬುವುದಿಲ್ಲ. ರಾಜನು ಜಾರಿಹೋಗಲು ಎಲ್ಲೆಲ್ಲಿಯೂ ದಾರಿ.

ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಈ ಕಲ್ಪನೆ ಸ್ಟಾರ್ ಟ್ರೆಕ್‌ಗಿಂತ ಮೊದಲೇ ಪ್ರವೇಶಿಸಿತ್ತು. ಐಸಾಕ್ ಅಸಿಮೋವ್ ೧೯೫೦ರ ‘ಪೆಬಲ್ ಇನ್ ದಿ ಸ್ಕೈ’ ಕಾದಂಬರಿಯಲ್ಲಿ, ಪಾರದರ್ಶಕವಾದ ಎಂಟು ಮಣೆಗಳನ್ನು ಒಂದರ ಮೇಲೊಂದಿಟ್ಟು ಆಡುವ, ಎರಡು ರಾಜರಿಗೂ ಏಕಕಾಲದಲ್ಲಿ ಶಹ ಕೊಟ್ಟರೆ ಮಾತ್ರ ಗೆಲ್ಲುವ ಆಟವೊಂದನ್ನು ಪ್ರಸ್ತಾಪಿಸಿದ್ದಾನೆ. ಅದು ಪ್ರಸ್ತಾಪವೇ ಹೊರತು ಆಟವಲ್ಲ. ಕಥೆಗಾರನಿಗೆ ಬೇಕಾದುದು ಬಹುದೂರದ ಭವಿಷ್ಯತ್ತು ಎಂಬ ಭಾವನೆ. ಅದಕ್ಕೆ ಎರಡು ವಾಕ್ಯ ಸಾಕು. ಆದರೆ ದೃಶ್ಯಮಾಧ್ಯಮಕ್ಕೆ ವಾಕ್ಯ ಸಾಲದು, ವಸ್ತು ಬೇಕು.

ಆ ವಸ್ತುವನ್ನು ಸ್ಟಾರ್ ಟ್ರೆಕ್‌ನ ತಯಾರಕರು ಒದಗಿಸಿಕೊಂಡ ಬಗೆ ಸ್ವಾರಸ್ಯವಾಗಿದೆ. ಅಂದಿನ ಅಂಗಡಿಗಳಲ್ಲಿ ಮಾರುತ್ತಿದ್ದ, ಅಂತಸ್ತುಗಳುಳ್ಳ ಬೇರೆ ಎರಡು ಆಟಗಳ (ಒಂದು ಚೆಕರ್ಸ್, ಇನ್ನೊಂದು ಸೊನ್ನೆ–ಅಡ್ಡಗೆರೆಯ ಆಟ) ಮಣೆಗಳನ್ನು ಬಿಚ್ಚಿ ಜೋಡಿಸಿದರು. ಶಿಲ್ಪಿ ಪೀಟರ್ ಗಾನೀನ್ ೧೯೬೧ರಲ್ಲಿ ರೂಪಿಸಿದ ನವ್ಯಾಕೃತಿಯ ಚದುರಂಗದ ಕಾಯಿಗಳನ್ನು ಅವುಗಳ ಮೇಲಿಟ್ಟರು. ಹೀಗೆ ದೊಡ್ಡ ಮಣೆ ಮೂರು, ಮೂಲೆಗಳಲ್ಲಿ ಸಣ್ಣ ಮಣೆ ನಾಲ್ಕು. ದೊಡ್ಡದರಲ್ಲಿ ಹದಿನಾರು, ಸಣ್ಣದರಲ್ಲಿ ನಾಲ್ಕು ಮನೆ. ನಲವತ್ತೆಂಟಕ್ಕೆ ಹದಿನಾರು ಸೇರಿ ಮತ್ತೆ ಅದೇ ಅರುವತ್ತನಾಲ್ಕು. ಮಾಕನ ಮಣೆಗೂ ಇದಕ್ಕೂ ಸಾಮ್ಯವೆಲ್ಲಿದೆ? ಅಲ್ಲಿ ಸಮಾನವಾದ ಐದು ಮಣೆಗಳು ನೇರವಾಗಿ ಒಂದರ ಮೇಲೊಂದಿವೆ, ಇಲ್ಲಿ ಅಸಮಾನವಾದ ಏಳು ಮಣೆಗಳು ಹೊಂದದೆ ಚಾಚಿಕೊಂಡಿವೆ. ಅಲ್ಲಿಯ ಏಕಶೃಂಗಿ ಇಲ್ಲಿಲ್ಲ. ಅನುಕರಣವೆಂಬ ವಾದಕ್ಕೆ ‘ಎರಡೂ ಮೇಲಕ್ಕೆ ಬೆಳೆದಿವೆ’ ಎಂಬುದರ ಹೊರತು ಬೇರೆ ಆಸರೆಯಿಲ್ಲ. ವಸ್ತುವಿನ ಮೂಲ ಆಟಿಕೆಯ ಅಂಗಡಿಯಲ್ಲಿ ಕಾಣುತ್ತಿರುವಾಗ ಅದನ್ನು ಹ್ಯಾಂಬುರ್ಗಿನಲ್ಲಿ ಹುಡುಕಬೇಕಾದ ಅಗತ್ಯ ತೋರುವುದಿಲ್ಲ.

ನಿಯಮಗಳು ಇರಲಿಲ್ಲವೆಂಬುದಕ್ಕೆ ಚಿತ್ರಗಳೇ ಸಾಕ್ಷಿ. ಒಂದೇ ಕಂತಿನಲ್ಲಿ ಒಂದು ದೃಶ್ಯಕ್ಕೂ ಮತ್ತೊಂದಕ್ಕೂ ಮಣೆಗಳ ಜೋಡಣೆ ಬದಲಾಗಿರುವುದುಂಟು. ಹಾಗಿದ್ದರೂ ಕಥೆಯು ಈ ಆಟದ ಮೇಲೆ ದೊಡ್ಡ ಹೊರೆಯನ್ನೇ ಹೊರಿಸಿತು. ೧೯೬೭ರ ‘ಕೋರ್ಟ್ ಮಾರ್ಷಲ್’ ಎಂಬ ಕಂತಿನಲ್ಲಿ, ತಾನೇ ಆಟ ಕಲಿಸಿದ ಗಣಕಯಂತ್ರವನ್ನು ಸ್ಪಾಕ್ ಎಂಬ ಪಾತ್ರವು ಮತ್ತೆ ಮತ್ತೆ ಸೋಲಿಸಿ, ಸಮಬಲಕ್ಕಿಂತ ಮೇಲಾದುದು ಸಾಧ್ಯವಿರಲಾರದೆಂಬ ಕಾರಣದಿಂದ ಯಂತ್ರವನ್ನು ಯಾರೋ ಕೆಡಿಸಿದ್ದಾರೆಂದು ನಿರ್ಣಯಿಸುತ್ತದೆ. ಒಬ್ಬನ ಮಾನ ಉಳಿಯುವುದು ಈ ಆಟದ ಸಾಕ್ಷ್ಯದಿಂದ. ಆದರೆ ಆ ಮಣೆಯಲ್ಲಿ ಗೆಲುವೆಂದರೆ ಏನೆಂಬುದು ನೋಡುತ್ತಿದ್ದ ಯಾರಿಗೂ ತಿಳಿದಿರಲಿಲ್ಲ! ಮಸಾಚುಸೆಟ್ಸ್ ತಂತ್ರವಿದ್ಯಾಲಯದ ‘ಮ್ಯಾಕ್ ಹ್ಯಾಕ್’ ಎಂಬ ಗಣಕಕ್ರಮವು ಮನುಷ್ಯರ ಚದುರಂಗ ಸ್ಪರ್ಧೆಯಲ್ಲಿ ಮೊದಲು ಪಾಲುಗೊಂಡುದೂ ಅದೇ ೧೯೬೭ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ನಿಯಮ ಬಂದದ್ದು ಮಾಲಿಕೆ ಮುಗಿದು ಆರು ವರ್ಷಗಳ ಮೇಲೆ. ಫ್ರಾನ್ಸ್ ಜೋಸೆಫ್ ೧೯೭೫ರ ತನ್ನ ‘ಸ್ಟಾರ್ ಫ್ಲೀಟ್ ಟೆಕ್ನಿಕಲ್ ಮ್ಯಾನ್ಯುಯಲ್’ನಲ್ಲಿ ಮಣೆಯ ನಕ್ಷೆಯನ್ನೂ ಕಾಯಿಗಳ ಆರಂಭಸ್ಥಾನವನ್ನೂ ಕೆಲವು ಸೂಚನೆಗಳನ್ನೂ ಕೊಟ್ಟನು. ಮರುವರ್ಷ ಆಂಡ್ರೂ ಬಾರ್ಟ್‌ಮೆಸ್ ಅವನ ಪ್ರೋತ್ಸಾಹದಿಂದ ಪೂರ್ಣ ನಿಯಮಾವಳಿಯನ್ನು ರಚಿಸಿದನು. ಬಿಳಿಯ ಮಣೆ ಕೆಳಗೆ, ತಟಸ್ಥ ಮಣೆ ನಡುವೆ, ಕರಿಯ ಮಣೆ ಮೇಲೆ. ಒಂದೊಂದೂ ಕೆಳಗಿನದಕ್ಕಿಂತ ಎರಡು ಸಾಲು ಮುಂದಕ್ಕೆ ಚಾಚಿದೆ. ರಾಜ, ಮಂತ್ರಿ, ಆನೆಗಳು ಸಣ್ಣ ಮಣೆಗಳಲ್ಲಿಯೂ, ಕುದುರೆ ಒಂಟೆಗಳು ದೊಡ್ಡದರಲ್ಲಿಯೂ ನಿಲ್ಲುತ್ತವೆ. ಸಣ್ಣ ಮಣೆಯ ಮೇಲೆ ಒಂದಕ್ಕಿಂತ ಹೆಚ್ಚು ಕಾಯಿ ಇಲ್ಲದಿದ್ದರೆ ಆ ಮಣೆಯನ್ನೇ ಒಂದು ನಡೆಯಾಗಿ ಎತ್ತಿ ಬೇರೆ ಮೂಲೆಗೆ ಸಿಕ್ಕಿಸಬಹುದು. ನೆಲವೇ ನಡೆಯುವ ಈ ಉಪಾಯ ಈ ಆಟದ ನಿಜವಾದ ಹೊಸತನ. ಮಿಕ್ಕಂತೆ, ಮೇಲಿನಿಂದ ನೋಡಿದಾಗ ಸಾಮಾನ್ಯ ಚದುರಂಗದ ನಡೆಯಂತೆ ಕಾಣಬೇಕು. ಇಳಿಯುವ ಮನೆಯ ಅಂತಸ್ತನ್ನು ಆಟಗಾರ ಆರಿಸಿಕೊಳ್ಳಬಹುದು. ನಿಂತಲ್ಲಿಂದಲೇ ನೆಟ್ಟಗೆ ಮೇಲಕ್ಕೇರುವಂತಿಲ್ಲ. ಮೂರು ದೊಡ್ಡ ಮಣೆಗಳನ್ನು ಮೇಲಿನಿಂದ ನೋಡಿದರೆ ಕಾಣುವುದು ನಾಲ್ಕಕ್ಕೆ ಎಂಟರ ಒಂದು ಪಟ್ಟಿ. ಆದಕಾರಣ ಕಟ್ಟುನಿಟ್ಟಾಗಿ ಹೇಳಿದರೆ ಇದು ಘನಚದುರಂಗವಲ್ಲ, ಮಡಿಸಿದ ಸಮತಲ. ಮಾಕ್ ಇದನ್ನು ಕಂಡಿದ್ದರೆ ಒಪ್ಪುತ್ತಿರಲಿಲ್ಲ.

ಹಾಗಾದರೆ ತರ್ಕಶುದ್ಧವಾದುದು ಮರೆಯಾಗಿ, ನಾಟಕದ ಸಾಮಾನು ಏಕೆ ಬಾಳಿತು? ಮಾಲಿಕೆಯ ಜನಪ್ರಿಯತೆ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಕೆಲವು ವಿದ್ಯಾರ್ಥಿಗಳೊಡನೆ ಎರಡು ಮಣೆಗಳನ್ನೂ ಮಾಡಿಸಿ ಆಡಿದ ಮೇಲೆ ಬೇರೆ ಕಾರಣವೂ ಹೊಳೆಯಿತು. ಮನೆಗೆ ಎರಡಂಗುಲದ ಲೆಕ್ಕದಲ್ಲಿ ಮಾಕನ ಮಣೆ ಹತ್ತಂಗುಲದ ಚೌಕ. ಕೈ ಹಿಡಿಯಲೆಂದು ಅಂತಸ್ತಿಗೆ ಐದಂಗುಲ ಎತ್ತರ ಬಿಟ್ಟೆವು. ತಳದಿಂದ ತುದಿಗೆ ಇಪ್ಪತ್ತಂಗುಲದ ಗೋಪುರವಾಯಿತು. ನಡುಮನೆಯ ಕಾಯಿಯನ್ನು ತೆಗೆಯಹೋದ ಕೈ ಪ್ರತಿಸಲವೂ ಪಕ್ಕದ ಎರಡನ್ನು ಉರುಳಿಸಿತು. ಮೇಲಿನಿಂದ ನೋಡಿದರೆ ೧೨೫ ಮನೆಗಳಲ್ಲಿ ನೂರು ಮರೆಯಾಗಿರುತ್ತವೆ. ಗಾಜಿನಂಥ ಪ್ಲಾಸ್ಟಿಕ್ ಹಲಗೆ ಹಾಕಿದರೆ ಐದು ಮಣೆಗಳ ಗೆರೆಗಳೂ ಒಂದರೊಳಗೊಂದು ಹೆಣೆದುಕೊಂಡು ಕಣ್ಣು ಸೋಲುತ್ತದೆ. ಕೊನೆಗೆ ಐದನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಆಡಿದೆವು. ಆಟ ಸಾಗಿತು, ಆಕಾಶ ಹೋಯಿತು.

ಎರಡನೆಯ ಮಣೆಯಲ್ಲಿ ಒಂದೊಂದು ಹಲಗೆಯೂ ನಾಲ್ಕಂಗುಲ ಚಾಚಿರುವುದರಿಂದ, ಸಣ್ಣ ಮಣೆಗಳನ್ನು ಬಿಟ್ಟರೆ, ನಲವತ್ತೆಂಟರಲ್ಲಿ ಹದಿನಾರು ಮಾತ್ರ ಮರೆಯಾಗುತ್ತವೆ. ಕೈಗೂ ದಾರಿಯಿದೆ. ದೃಶ್ಯದಲ್ಲಿ ನಟರ ಮುಖ ಮುಚ್ಚದಂತೆ ಕಾಣಬೇಕೆಂಬ ಅಗತ್ಯವೂ ಆಟಗಾರನ ಅಗತ್ಯವೂ ಇಲ್ಲಿ ಅಕಸ್ಮಾತ್ತಾಗಿ ಒಂದಾಗಿವೆಯೆಂದು ನಮ್ಮ ಊಹೆ. ಇದಕ್ಕೆ ಇದರದೇ ತೊಡಕುಗಳಿವೆ. ಒಂದೇ ಕಂಬದ ಮೇಲೆ ನಿಂತ ಮೊದಲ ಮಣೆಯು ಸಣ್ಣ ಮಣೆಗಳು ನಾಲ್ಕೂ ಒಂದೇ ಕಡೆ ಕೂಡಿದೊಡನೆ ವಾಲಿತು; ಪೀಠಕ್ಕೆ ಸೀಸದ ತುಂಡು ಸೇರಿಸಬೇಕಾಯಿತು. ಗೂಟದ ತೂತು ಸವೆದಂತೆ ಸಣ್ಣ ಮಣೆ ಓರೆಯಾಗಿ ರಾಜನು ಜಾರುತ್ತಿದ್ದನು. ಬಡಗಿಯು ತೂತು ಕೊರೆಯುತ್ತ, “ಮೇಷ್ಟ್ರೇ, ಕೆಳಗಿನ ಕುದುರೆ ಮೇಲಕ್ಕೆ ಹತ್ತೋದು ಯಾವ ಮೆಟ್ಟಿಲಿಂದ?” ಎಂದು ಕೇಳಿದನು. ನಾವು ನಕ್ಕೆವು. ಆದರೆ ಆಡಲು ಕುಳಿತ ಮೊದಲನೆಯ ದಿನವೇ ಜಗಳವೆದ್ದದ್ದು ಆ ಪ್ರಶ್ನೆಯ ಮೇಲೆಯೇ: ಒಂದೇ ನೇರದಲ್ಲಿ ಎರಡು ಅಂತಸ್ತಿನ ಎರಡು ಮನೆಗಳಿರುವಾಗ ಆನೆಯ ದಾರಿಗೆ ಯಾವ ಕಾಯಿ ಅಡ್ಡವೆಂದು ಎಣಿಸಬೇಕು? ಇಬ್ಬರು ವಿದ್ಯಾರ್ಥಿಗಳು ತಮ್ಮ ತಮ್ಮ ತೀರ್ಮಾನಗಳನ್ನು ಹಾಳೆಯಲ್ಲಿ ಬರೆದು ಸಹಿ ಹಾಕಿದ ಮೇಲೆ ಆಟ ಮುಂದುವರಿಯಿತು. ಆ ಹಾಳೆ ಈಗ ಮಣೆಯ ಪೀಠಕ್ಕೆ ಅಂಟಿಕೊಂಡಿದೆ. ಇದುವರೆಗೆ ಅದರಲ್ಲಿ ಹನ್ನೊಂದು ತಿದ್ದುಪಡಿಗಳಾಗಿವೆ.